ಬೇಕೆಂದೇ ಬಿಟ್ಟ ಬಿರುಕು

ಈ ಮನೆಗೆ ಬಂದವರೆಲ್ಲ ಮೊದಲು ಹೊಗಳುವುದು ನಡುವಿನ ಅಂಗಳವನ್ನು. 14 ಅಡಿ ಅಗಲ, 30 ಅಡಿ ಉದ್ದ. ಒಂದು ಕಡೆ ಹಳೇ ಕಲ್ಲಿನ ಮನೆ, ಇನ್ನೊಂದು ಕಡೆ ಹೊಸ ಮನೆ, ಮೇಲೆ ಬಯಲು. "ಇದರ ಐಡಿಯಾ ಯಾರದ್ರೀ?" ಅಂತ ಕೇಳುತ್ತಾರೆ. ನಾನು ಸುಮ್ನೆ ನಗುತ್ತೇನೆ. ನಿಜ ಹೇಳಬೇಕೆಂದರೆ ಆ ಅಂಗಳ ಒಂದು ಬಿರುಕು. ಮನೆ ತಾನಾಗಿ ಅರ್ಧ ಇಂಚು ಬಿಟ್ಟಿದ್ದನ್ನು ನಾವು 14 ಅಡಿ ಮಾಡಿದೆವು.

ಕಲಬುರಗಿಯಲ್ಲಿ ಮನೆ ಕಟ್ಟುವ ಕೆಲಸಕ್ಕೆ ಇಳಿದು ನನಗೆ 20 ವರ್ಷದ ಮೇಲಾಯಿತು. ದೊಡ್ಡ ಬಜೆಟ್ಟಿನ ಮನೆ ಅಂದರೆ ಜನ ಕೇಳುವುದು ಮಾರ್ಬಲ್ಲು, ಲಿಫ್ಟು, ಕಿಚನ್ನು. ಈ ಮನೆಯಲ್ಲಿ ಅವೆಲ್ಲ ಇವೆ. ಆದರೆ ಜಾಸ್ತಿ ಕೆಲಸ ನಡೆದಿದ್ದು ನೆಲದ ಕೆಳಗೆ, ಯಾರಿಗೂ ಕಾಣದ ಕಡೆ. ಮನೆಯವರ ಹೆಸರು ಬರೆಯುವುದಿಲ್ಲ. ಉಳಿದದ್ದನ್ನು ಬರೆಯಲು ಅವರ ಒಪ್ಪಿಗೆ ಇದೆ.

ತೊಗರಿ ಬೇಳೆ ಮಿಲ್ಲಿನ ಮನೆತನ. ಮೂವರು ಅಣ್ಣತಮ್ಮಂದಿರು, ಅವರ ಹೆಂಡತಿ ಮಕ್ಕಳು, 79 ವರ್ಷದ ತಾಯಿ. ಒಟ್ಟು 13 ಮಂದಿ ಒಂದೇ ಸೂರಿನಡಿ. ಮೊಮ್ಮಕ್ಕಳು ಆ ತಾಯಿಯನ್ನು ಆಯಿ ಅನ್ನುತ್ತಾರೆ, ಹಾಗಾಗಿ ನನಗೂ ಅವರು ಆಯಿಯೇ. ಜೇವರ್ಗಿ ರಸ್ತೆ ಕಡೆಯ ಹಳೇ ಬಡಾವಣೆಯಲ್ಲಿ ಮನೆ. 1978ರಲ್ಲಿ ಆಯಿಯ ಯಜಮಾನರು ಕಟ್ಟಿಸಿದ್ದು. 18 ಇಂಚಿನ ಕಲ್ಲಿನ ಗೋಡೆ, ಶಹಾಬಾದ್ ಫರ್ಸಿಯ (ಹಾಸುಗಲ್ಲಿನ) ನೆಲ, ಸಣ್ಣ ಕಿಟಕಿ. 2011ರಲ್ಲಿ ಪಕ್ಕದ ಖಾಲಿ ಜಾಗಕ್ಕೆ ಕೆಳಗೆ ಎರಡು, ಮೇಲೆ ಎರಡು ಕೋಣೆ ಅಂಟಿಸಿದರು. 2018ರಲ್ಲಿ ಆ ಹೊಸ ಭಾಗದ ಆಚೆ ಲಾನ್ ಬಂತು, ಸ್ಪ್ರಿಂಕ್ಲರ್ ಬಂತು. 2022ರ ಜನವರಿಯಲ್ಲಿ ನನಗೆ ಫೋನ್ ಬಂತು.

ಕರೆದಿದ್ದು ರಿನೋವೇಶನ್ನಿಗೆ. ಕಿರಿಯ ತಮ್ಮನ ಮೊಬೈಲಿನಲ್ಲಿ 200ಕ್ಕೂ ಹೆಚ್ಚು ಫೋಟೊಗಳಿದ್ದವು. ಎಲಿವೇಶನ್ನಿಗೆ, ಅಂದರೆ ಮನೆಯ ಮುಂಭಾಗಕ್ಕೆ, ಎರಡಂತಸ್ತಿನ ಗಾಜು, ಒಳಗೆ ಇಟಾಲಿಯನ್ ಮಾರ್ಬಲ್, ಹೋಮ್ ಥಿಯೇಟರ್. ಹಿರಿಯಣ್ಣನಿಗೆ ಬೇಕಾಗಿದ್ದು ಅವ್ವನಿಗೊಂದು ಲಿಫ್ಟ್. ನಡುವಿನವರು ಕೇಳಿದ್ದು ಒಂದೇ: "ಈ ಬಿರುಕೊಂದು ಮುಚ್ಚಿ ಕೊಡ್ರಿ, ಉಳದಿದ್ದು ನೀವ್ ಹೆಂಗ ಅಂತೀರಿ ಹಂಗ." ಹೊಸ ಕೋಣೆಯ ಹೊರಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಒಂದು ಬಿರುಕು ಹೋಗಿತ್ತು. ಹಳೇ ಮನೆಗೂ ಹೊಸದಕ್ಕೂ ಸಂದು ಬರುವ ಕಡೆ ನೆಟ್ಟಗೆ ಇನ್ನೊಂದು. ಒಂದು ಬಾಗಿಲು ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುತ್ತಿತ್ತು, ಮಳೆಗಾಲದಲ್ಲಿ ಹೆಗಲು ಕೊಟ್ಟು ತಳ್ಳಬೇಕಿತ್ತು.

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆ ಬಾಗಿಲಿನ ಮಾತು ಕೇಳಿದ ಕೂಡಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಮರ ಹಸಿಗೆ ಉಬ್ಬಿದೆ ಅಂದುಕೊಂಡೆ. ಬಿರುಕನ್ನು ಕೊರೆದು ಅಗಲ ಮಾಡಿ, ಪಾಲಿಮರ್ ಗಾರೆ ತುಂಬಿ, ಮೇಲೆ ಜಾಳಿಗೆ ಹೊದಿಸಿ, ಬಣ್ಣ ಹೊಡೆಸಿದೆ. ಫೆಬ್ರವರಿಯಲ್ಲಿ ಗೋಡೆ ಹೊಸದರಂತಿತ್ತು. ಮೇ ತಿಂಗಳಲ್ಲಿ ಅದೇ ದಾರಿಯಲ್ಲಿ ಮತ್ತೆ ಬಾಯಿ ಬಿಟ್ಟಿತು, ಈ ಸಲ ಬೆರಳು ತೂರುವಷ್ಟು. ಜನವರಿಯಲ್ಲಿ ಮಣ್ಣಿನೊಳಗೆ ಮಳೆಗಾಲದ ಹಸಿ ಇನ್ನೂ ಇತ್ತು, ಅದಕ್ಕೇ ಬಿರುಕು ಕಿರಿದಾಗಿತ್ತು. ನಾನು ಅದು ನಿಂತಿದೆ ಅಂತ ತಿಳಿದಿದ್ದೆ.

ನನ್ನ ಜೊತೆ 15 ವರ್ಷದಿಂದ ಇರುವ ಗೌಂಡಿ ಚಾಚಾ ಗೋಡೆ ಮುಟ್ಟಿ ಕೂಡ ನೋಡಲಿಲ್ಲ. ಲಾನ್ ನೋಡಿದರು. "ಸಾಹೇಬ್ರ, ಇದು ಸಿಮೆಂಟಿನ ರೋಗ ಅಲ್ಲ. ನೀರಿನ ರೋಗ ಅದ."

ಎರೆ ಮಣ್ಣನ್ನು, ಅಂದರೆ ಕಪ್ಪು ಜೇಡಿ ಮಣ್ಣನ್ನು, ಕಲಬುರಗಿಯವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಮಳೆ ನಿಂತು ತಿಂಗಳಾದ ಮೇಲೂ ಹಿಂಗಾರಿ ಜೋಳ ಹಸಿರಾಗಿ ನಿಲ್ಲುವುದು ಈ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ. ಅದರಲ್ಲಿರುವ ಜೇಡಿಗೆ ಮಾಂಟ್‌ಮೊರಿಲೊನೈಟ್ ಅನ್ನುತ್ತಾರೆ. ಅದರ ಪದರುಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಯಾವುದೇ ಎರೆ ಹೊಲಕ್ಕೆ ಹೋದರೆ ಬಿರುಕಿನೊಳಗೆ ಕೈ ಇಳಿಸಬಹುದು. ಆ ಹೊಲವನ್ನೇ ಎನ್ಎ (ಕೃಷಿಯೇತರ ಜಮೀನು) ಮಾಡಿಸಿ, ಸೈಟು ಹಾಕಿ, ಮೇಲೆ ಮನೆ ಕಟ್ಟುತ್ತೇವೆ. ಮೇಲಿನ ಹೆಸರು ಬದಲಾಯಿತು ಅಂತ ಮಣ್ಣು ತನ್ನ ಗುಣ ಬಿಡುತ್ತದಾ?

ಎರಡನೇ ಸಲ ಅವಸರ ಮಾಡಲಿಲ್ಲ. ಬಿರುಕುಗಳ ಮೇಲೆ ಅಡ್ಡಡ್ಡ 11 ಗಾಜಿನ ಪಟ್ಟಿ ಅಂಟಿಸಿ ಒಂದೊಂದರ ಪಕ್ಕ ತಾರೀಖು ಬರೆದೆವು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ, ಅಷ್ಟೇ ಲೆಕ್ಕ. ತಿಂಗಳಿಗೊಮ್ಮೆ ಲೆವೆಲ್ ಪೈಪ್ ಹಿಡಿದು ಗೋಡೆಯ ಎರಡೂ ತುದಿಯ ಎತ್ತರ ನೋಡಿದೆವು. ಕಿರಿಯ ತಮ್ಮನಿಗೆ ಇದು ಸಮಯ ಹಾಳು ಅನ್ನಿಸಿತು. "ಗಾಜಿನ ಎಲಿವೇಶನ್ ಕೇಳಿದ್ರ ಗೋಡಿಗೆ ಗಾಜು ಅಂಟಿಸಿ ಹೋದ್ರಿ" ಅಂತ ನಕ್ಕರು. ನವೆಂಬರ್ ಹೊತ್ತಿಗೆ 11ರಲ್ಲಿ 8 ಒಡೆದಿದ್ದವು. 30 ಅಡಿ ಗೋಡೆಯಲ್ಲಿ ಲಾನ್ ಕಡೆಯ ತುದಿ ಇನ್ನೊಂದು ತುದಿಗಿಂತ ಒಂದೂಕಾಲು ಇಂಚು ಎತ್ತರದಲ್ಲಿತ್ತು.

ಇನ್ನೊಂದು ತುದಿಯಲ್ಲಿ ಏನಿತ್ತು? ಬೇವಿನ ಮರ. ಮನೆಯಷ್ಟೇ ವಯಸ್ಸಿನದು. ಅದು ಬೇಸಿಗೆ ಪೂರ್ತಿ ನೆಲದ ಹಸಿಯನ್ನು ಹೀರುತ್ತದೆ. ಲಾನಿಗೆ ದಿನಾ ಬೆಳಿಗ್ಗೆ ಸಂಜೆ ನೀರು. ಒಂದೇ ಗೋಡೆಯ ಒಂದು ತುದಿಗೆ ವರ್ಷವಿಡೀ ಮಳೆಗಾಲ, ಇನ್ನೊಂದು ತುದಿಗೆ ವರ್ಷವಿಡೀ ಬೇಸಿಗೆ. ನಡುವೆ ಗೋಡೆ ಓರೆಯಾಗಿ ಹರಿಯದೆ ಇನ್ನೇನು ಮಾಡೀತು.

ಡಿಸೆಂಬರಿನಲ್ಲಿ ಮೂರು ಕಡೆ ಗುಂಡಿ ತೋಡಿಸಿದೆವು. ಹಳೇ ಮನೆಯ ಪಾಯ 8 ಅಡಿ ಕೆಳಗಿಳಿದು ಗಟ್ಟಿ ಮುರುಮಿನ (ಉಬ್ಬದ ಗರಸು ಮಣ್ಣಿನ) ಮೇಲೆ ಕೂತಿತ್ತು. 44 ವರ್ಷದಲ್ಲಿ ಕೂದಲೆಳೆಯಷ್ಟೂ ಕದಲಿಲ್ಲ. 2011ರ ಭಾಗದ ಪಾಯ 5 ಅಡಿಗೇ ನಿಂತಿತ್ತು, ಪೂರಾ ಎರೆಯಲ್ಲಿ. ಆ ಬದಿಯಲ್ಲಿ ಮುರುಮು ಸಿಕ್ಕಿದ್ದು 13 ಅಡಿಗೆ. ನೆಲ ಒಳಗೊಳಗೇ ಇಳಿಜಾರಾಗಿತ್ತು. ಅಂದು ಒಂದು ಗುಂಡಿ ತೋಡಿ ನೋಡಿದ್ದರೆ ಅರ್ಧ ದಿನದ ಕೂಲಿಯಲ್ಲಿ ಮುಗಿಯುತ್ತಿತ್ತು. ಕಟ್ಟಿದವರನ್ನು ಬೈಯುವುದು ಸುಲಭ. ನಾನೂ 2022ರಲ್ಲಿ ಗುಂಡಿ ತೋಡದೆ ಗಾರೆ ಮೆತ್ತಿದವನೇ.

ಮನೆಯವರನ್ನು ಒಪ್ಪಿಸಿದ್ದು ಮಾತ್ರ ನನ್ನ ಮಾತಲ್ಲ, ಎರಡು ಗಾಜಿನ ಅಳತೆ ಕೊಳವೆ. ಒಣಗಿಸಿ ಜರಡಿ ಹಿಡಿದ ಮಣ್ಣು, ಹತ್ತ್ಹತ್ತು ಗ್ರಾಂ. ಒಂದು ಕೊಳವೆಯಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ನೀರು. ಸೀಮೆಎಣ್ಣೆಗೆ ಈ ಮಣ್ಣು ಉಬ್ಬುವುದಿಲ್ಲ, ನೀರಿಗೆ ಉಬ್ಬುತ್ತದೆ. 24 ಗಂಟೆ ಬಿಟ್ಟು ಎರಡರ ವ್ಯತ್ಯಾಸ ನೋಡುವುದು. ಇದು ಭಾರತೀಯ ಮಾನಕದಲ್ಲಿರುವ ಪರೀಕ್ಷೆ, ಲ್ಯಾಬಿನಲ್ಲಿ ಬೇರೆ ಮಾಡಿಸಿದ್ದೆ. ಆದರೂ ಇನ್ನೊಂದು ಸಲ ಅವರ ಊಟದ ಟೇಬಲ್ ಮೇಲೆಯೇ ಇಟ್ಟು ಬಂದೆ. ಮರುದಿನ ಸೀಮೆಎಣ್ಣೆಯಲ್ಲಿ ಮಣ್ಣು 10 ಮಿಲಿ ಗೆರೆಯಲ್ಲಿತ್ತು, ನೀರಿನಲ್ಲಿ 18ರಲ್ಲಿ. 80 ಪ್ರತಿಶತ ಉಬ್ಬು. ಆಯಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಯಪ್ಪಾ, ರಾತ್ರಿ ನೆನಿ ಇಟ್ಟ ಕಡ್ಲಿ ಇದ್ದಂಗ ಅದಲ್ಲ ಇದು! ಇದರ ಮ್ಯಾಲ ನನ್ನ ಮಂಚ ಹಾಕೀರೇನು?"

ಅವತ್ತು ಎಲಿವೇಶನ್ ಮಾತು ಯಾರೂ ಎತ್ತಲಿಲ್ಲ.

ದಾರಿಗಳು ಮೂರಿದ್ದವು. ಹೊಲಿಗೆ ಹಾಕಿದಂತೆ ಬಿರುಕಿಗೆ ಸರಳು ಸೇರಿಸಿ ಮುಚ್ಚುವುದು. ಅದು ಮಣ್ಣು ಸುಮ್ಮನಿರುವ ಕಡೆಗೆ ಸರಿ. ಎರಡನೆಯದು ಈಗಿರುವ ಪಾಯದ ಕೆಳಗೆ ತುಂಡು ತುಂಡಾಗಿ ಅಗೆದು 13 ಅಡಿಗೆ ಇಳಿಸುವುದು. ಹಳೇ ಕಲ್ಲಿನ ಗೋಡೆಯ ಪಕ್ಕದಲ್ಲೇ 13 ಅಡಿ ಅಗೆಯಲು ನನಗೆ ಧೈರ್ಯ ಬರಲಿಲ್ಲ. ಉಳಿದಿದ್ದು 2011ರ ಭಾಗವನ್ನು ಪೂರ್ತಿ ಕೆಡವುವುದು. ಒಳಗೆ ಎರಡು ವರ್ಷದ ಹಿಂದಷ್ಟೇ ಮಾಡಿಸಿದ ಸಾಗವಾನಿ ಕಪಾಟುಗಳಿದ್ದವು. ನಡುವಿನವರ ಹೆಂಡತಿ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಕೊನೆಗೆ ಕಪಾಟುಗಳನ್ನು ಬಿಚ್ಚಿ ಮಿಲ್ಲಿನ ಗೋದಾಮಿನಲ್ಲಿ ಇಟ್ಟು, ಹೊಸ ಕೋಣೆಯ ಅಳತೆಯನ್ನೇ ಅವುಗಳಿಗೆ ಹೊಂದಿಸಿದೆವು. ಸಾಮಾನ್ಯವಾಗಿ ಕೋಣೆಗೆ ಕಪಾಟು ಮಾಡಿಸುತ್ತಾರೆ, ಇಲ್ಲಿ ಕಪಾಟಿಗೆ ಕೋಣೆ ಕಟ್ಟಿದೆವು.

ಬೇವಿನ ಮರ ಕಡಿಯಿರಿ ಅಂತ ಹೇಳಿದವರು ಬಹಳ. ಆಯಿ ಬಿಡುತ್ತಿರಲಿಲ್ಲ ಅನ್ನುವುದು ಒಂದು. ಇನ್ನೊಂದು, ಕಡಿದರೂ ತೊಂದರೆ ತಪ್ಪುವುದಿಲ್ಲ. ಇಷ್ಟು ವರ್ಷ ಮರ ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು, ಆರಿದ್ದ ನೆಲ ಈಗ ಉಬ್ಬಲು ಶುರು ಮಾಡುತ್ತದೆ. ಮರ ಉಳಿಸಿಕೊಂಡು ಹೊಸ ಗೋಡೆಯನ್ನೇ ಅದರಿಂದ 15 ಅಡಿ ದೂರ ಇಟ್ಟೆವು.

ಹೊಸ ಮನೆಯನ್ನು ಹಳೆಯದಕ್ಕೆ ಮತ್ತೆ ಅಂಟಿಸಬೇಕೇ? ಇಲ್ಲೇ ಅಂಗಳ ಹುಟ್ಟಿದ್ದು. ಹಳೆಯದು ಕದಲದ ಮನೆ. ಹೊಸದು ಎಷ್ಟೇ ಜಾಗ್ರತೆ ಮಾಡಿದರೂ ಕೂದಲೆಳೆಯಷ್ಟು ಕದಲಬಹುದಾದ ಮನೆ. ಎರಡನ್ನೂ ಗಂಟು ಹಾಕಿದರೆ ಗಂಟಿನಲ್ಲೇ ಹರಿಯುತ್ತದೆ. ಎರಡು ಇಂಚಿನ ಸಂದು ಬಿಟ್ಟು ಪಟ್ಟಿ ಮುಚ್ಚುವುದು ರೂಢಿ. ಕಾಗದದ ಮೇಲೆ ಆ ಸಂದನ್ನು ಎಳೆಯುತ್ತಾ ಕೂತಾಗ, ಇದನ್ನು ಅಗಲ ಮಾಡಿದರೇನು ಅನ್ನಿಸಿತು. ನಮ್ಮ ಕಡೆಯ ವಾಡೆಗಳಲ್ಲಿ, ಅಂದರೆ ಹಳೇ ದೊಡ್ಡ ಮನೆಗಳಲ್ಲಿ, ನಡುವೆ ಅಂಗಳ ಇದ್ದೇ ಇರುತ್ತಿತ್ತು. ಹಿರಿಯಣ್ಣ ಮೊದಲು ಒಪ್ಪಲಿಲ್ಲ. "ಸಾಹೇಬ್ರ, ಬಂಗಾರದಂಥ ಜಾಗಾ, ಯಾಕ ಖಾಲಿ ಬಿಡ್ತೀರಿ?" ಹೊಸ ಮನೆಯನ್ನು ಸರಿಸಲು ಜಾಗ ಬೇಕಿತ್ತು, ಅದಕ್ಕೆ ಲಾನ್ ಹೋಯಿತು. ಲಾನ್ ಹೋದದ್ದಕ್ಕೆ ಅಂಗಳ ಅಂದಾಗ ಆಯಿ ತಲೆಯಾಡಿಸಿದರು. ಅಲ್ಲಿಗೆ ವಾದ ಮುಗಿಯಿತು.

ಪಾಯಕ್ಕೆ ಅಂಡರ್ ರೀಮ್ಡ್ ಪೈಲ್. ಎರೆ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ವಿಧಾನ ಇದು. 12 ಇಂಚಿನ ತೂತು ಕೊರೆದು, ಕೆಳಗೆ ಅದನ್ನು 30 ಇಂಚಿಗೆ ಅಗಲ ಮಾಡಿ, ಸರಳು ಇಳಿಸಿ ಕಾಂಕ್ರೀಟ್ ತುಂಬುವುದು. ಉಳ್ಳಾಗಡ್ಡಿ ಗಿಡದ ಹಾಗೆ, ಮೇಲೆ ಕಡ್ಡಿ, ಕೆಳಗೆ ಗಡ್ಡೆ. ಮೇಲಿನ ಮಣ್ಣು ಉಬ್ಬಿ ಎತ್ತಲು ನೋಡಿದರೂ ಕೆಳಗಿನ ಗಡ್ಡೆ ಹಿಡಿದುಕೊಳ್ಳುತ್ತದೆ. 16 ಅಡಿ ಆಳದ 26 ಪೈಲ್. ಕೈಯಿಂದ ತಿರುಗಿಸುವ ಆಗರ್‌ನಲ್ಲೇ ಕೊರೆದರು. ಅವುಗಳ ಮೇಲೆ ಕೂತು ಗೋಡೆ ಹೊರುವ ಪ್ಲಿಂತ್ ಬೀಮ್ (ಕಾಂಕ್ರೀಟ್ ತೊಲೆ) ನೆಲಕ್ಕೆ ತಾಗಬಾರದು. ಕೆಳಗೆ 4 ಇಂಚು ಖಾಲಿ ಬಿಟ್ಟೆವು, ಮಣ್ಣು ಉಬ್ಬಿದರೆ ಅಲ್ಲಿ ಉಬ್ಬಲಿ ಅಂತ. ಸೆಂಟ್ರಿಂಗ್‌ನವರಿಗೆ ಇದನ್ನು ಅರ್ಥ ಮಾಡಿಸಲು ಮೂರು ದಿನ ಬೇಕಾಯಿತು. ಎಲ್ಲರೂ ಜೀವನವಿಡೀ ಬೀಮಿನ ಕೆಳಗೆ ಮಣ್ಣು ತುಂಬಿ ಗಟ್ಟಿ ಮಾಡಿದವರೇ. ಒಂದು ಸಂಜೆ ನಾನು ಇಲ್ಲದಾಗ ಯಾರೋ ಪುಣ್ಯಾತ್ಮ ಅದನ್ನು ನೀಟಾಗಿ ತುಂಬಿಯೂ ಬಿಟ್ಟಿದ್ದ. ಚಾಚಾ ರಾತ್ರಿ 9ರವರೆಗೆ ನಿಂತು ತೆಗೆಸಿದರು.

ಒಳಗಿನ ನೆಲಕ್ಕೂ ಇದೇ ಕಾಟ. ಗೋಡೆ ನಿಂತಲ್ಲೇ ನಿಂತು ನೆಲ ಎದ್ದರೆ ಮಾರ್ಬಲ್ ಒಡೆಯುತ್ತದೆ. ಮೂರೂವರೆ ಅಡಿ ಎರೆ ತೆಗೆಸಿ, ಮುರುಮು ತುಂಬಿ, ಪದರು ಪದರಾಗಿ ಧಮ್ಮಸ್ ಹೊಡೆಸಿ ಗಟ್ಟಿ ಮಾಡಿಸಿದೆವು. ಉಬ್ಬದ ಮಣ್ಣಿನ ದಪ್ಪ ಪದರು ಕೆಳಗಿನ ಉಬ್ಬನ್ನು ತಡೆಯುತ್ತದೆ ಎಂಬುದನ್ನು ಪ್ರಯೋಗ ಮಾಡಿ ತೋರಿಸಿದವರು ಐಐಟಿ ಬಾಂಬೆಯಲ್ಲಿದ್ದ ಪ್ರೊ. ಆರ್. ಕೆ. ಕಟ್ಟಿ. ಕಾಲುವೆ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತು. ಮನೆ ಕಟ್ಟುವವರು ಇದನ್ನು ಮಾಡುವುದು ಕಮ್ಮಿ, ಯಾಕೆಂದರೆ ಲಾರಿಗಟ್ಟಲೆ ಮುರುಮಿನ ಬಿಲ್ಲು ಕಣ್ಣಿಗೆ ಕಾಣುತ್ತದೆ, ಅದರ ಕೆಲಸ ಕಾಣುವುದಿಲ್ಲ.

ಮನೆಯ ಸುತ್ತ 6 ಅಡಿ ಅಗಲದ ಇಳಿಜಾರು ಕಾಂಕ್ರೀಟ್, ಸೂರಿನ ನೀರೆಲ್ಲ ಪೈಪಿನಲ್ಲಿ ತೊಟ್ಟಿಗೆ, ಗೋಡೆಯಿಂದ 10 ಅಡಿಯೊಳಗೆ ಗಿಡ ಬೇಕಾದರೆ ಕುಂಡದಲ್ಲಿ. ಇದಿಷ್ಟು ನೀರಿನ ಕತೆ.

ಈಗ ಕಲ್ಲಿನ ಜಗಳ. ಅಂಗಳಕ್ಕೆ ಶಹಾಬಾದ್ ಫರ್ಸಿ ಅಂದೆ. ಕಿರಿಯ ತಮ್ಮನಿಗೆ ಮೈ ಉರಿಯಿತು. "ಅದು ನಮ್ಮ ದನದ ಕೊಟ್ಟಿಗಿಗೆ ಹಾಕಿದ ಕಲ್ಲು ಅದರೀ!" ಹೌದು, ಹಾಕಿದ್ದೇವೆ. ಕೊಟ್ಟಿಗೆ, ಶಾಲೆ, ರೈಲ್ವೆ ಪ್ಲಾಟ್‌ಫಾರ್ಮ್, ಎಲ್ಲ ಕಡೆ. ಮನೆಯಿಂದ ಒಂದು ಗಂಟೆಯ ದಾರಿಯಲ್ಲೇ ಗಣಿ ಇರುವುದು ಅದರ ಅಪರಾಧ. ಸಮುದ್ರ ದಾಟಿ ಬಂದಿದ್ದರೆ ಇದಕ್ಕೂ ಒಂದು ಶೋರೂಮ್ ಇರುತ್ತಿತ್ತು. ನನ್ನ ಕಾರಣ ಬೇರೆ. ಅಂಗಳದ ಕೆಳಗೆ ಪೈಲ್ ಇಲ್ಲ, ಅದು ಕದಲಿಯೇ ಕದಲುತ್ತದೆ. ಒಂದೇ ಹಾಸಾಗಿ ಅಂಟಿಸಿದ ನೆಲ ಅಲ್ಲಿ ಸೀಳುತ್ತದೆ. ದಪ್ಪ ಫರ್ಸಿಯನ್ನು ಉಸುಕಿನ ಮೇಲೆ ಕೂರಿಸಿ ಸಂದಿಗೆ ಸುಣ್ಣದ ಗಾರೆ ತುಂಬಿದರೆ, ಎದ್ದ ಕಲ್ಲನ್ನು ಎತ್ತಿ ಮತ್ತೆ ಕೂರಿಸಬಹುದು. ಇಟಾಲಿಯನ್ ಮಾರ್ಬಲ್ ದಿವಾನಖಾನೆಗೆ ಹೋಯಿತು. ಎರಡೂ ಸುಣ್ಣದ ಜಾತಿಯ ಕಲ್ಲೇ. ನಿಂಬೆ, ಹುಣಸೆ, ಬಚ್ಚಲಿನ ಆಸಿಡ್ ಬಿದ್ದರೆ ಎರಡಕ್ಕೂ ಹೊಳಪು ಹೋಗುತ್ತದೆ. ಇದನ್ನು ಬರೆದು ಅಡುಗೆ ಮನೆಯ ಬಾಗಿಲಿಗೆ ಅಂಟಿಸಿ ಬಂದಿದ್ದೇನೆ.

ಅಡುಗೆ ಮನೆಯನ್ನು ಬೆಂಗಳೂರಿನ ಒಂದು ಕಂಪನಿಯವರು ಡಿಸೈನ್ ಮಾಡಿದ್ದರು. ನಡುವೆ 36 ಇಂಚು ಎತ್ತರದ ಐಲ್ಯಾಂಡ್, ಸುತ್ತ ಎತ್ತರದ ಕುರ್ಚಿ. ನೋಡಲು ಚಂದ. ಆ ಮನೆಯಲ್ಲಿ ದಿನಕ್ಕೆ 40 ಜೋಳದ ರೊಟ್ಟಿ ಆಗುತ್ತವೆ. ಹಿರಿಯ ಸೊಸೆ ಪ್ಲಾನ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ರೊಟ್ಟಿ ಎಲ್ಲಿ ಬಡೀಬೇಕ್ರಿ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ರೊಟ್ಟಿ ಬಡಿಯುವಾಗ ಅಂಗೈ ಮೇಲಿನಿಂದ ಬೀಳಬೇಕು. 36 ಇಂಚಿನ ಕಟ್ಟೆಯ ಮೇಲೆ ಹೆಗಲು ಎತ್ತಿ ಬಡಿದರೆ 40 ರೊಟ್ಟಿಗೆ ತೋಳು ಬಿದ್ದುಹೋಗುತ್ತದೆ. ನಾಲ್ಕು ಇಟ್ಟಂಗಿ, ಒಂದು ಹಲಗೆ ಇಟ್ಟುಕೊಂಡು ಅವರನ್ನು ನಿಲ್ಲಿಸಿ, ಎತ್ತರ ಏರಿಸಿ ಇಳಿಸಿ ನೋಡಿದೆವು. ಅವರಿಗೆ 28 ಇಂಚು ಹೊಂದಿತು. ಆಯಿಗೆ ನಿಲ್ಲುವುದೇ ಬೇಡ, ಕೂತೇ ಬಡಿಯಬೇಕು. ಹಾಗಾಗಿ ಕಿಟಕಿಯ ಕೆಳಗೆ ಒಂದು ಗಿಡ್ಡ ಕಟ್ಟೆ. ಎರಡರ ಮೇಲೂ ಎರಡಿಂಚು ದಪ್ಪದ ಶಹಾಬಾದ್ ಕಲ್ಲು, ಕೆಳಗೆ ಕಪಾಟು ಇಲ್ಲ, ಗಟ್ಟಿ ಇಟ್ಟಂಗಿ. ಕಪಾಟಿನ ಮೇಲೆ ಬಡಿದರೆ ಒಳಗಿನ ಡಬ್ಬಿಗಳೆಲ್ಲ ಕುಣಿಯುತ್ತವೆ. ಐಲ್ಯಾಂಡ್ ಕೂಡ ಉಳಿಯಿತು. ಮಕ್ಕಳು ಅಲ್ಲಿ ಹೋಮ್‌ವರ್ಕ್ ಮಾಡುತ್ತಾರೆ.

ಪಶ್ಚಿಮಕ್ಕೆ ಮುಖ ಮಾಡಿದ ಮನೆಗೆ ಎರಡಂತಸ್ತಿನ ಗಾಜು ಬೇಡ ಅಂತ ಬಾಯಲ್ಲಿ ಹೇಳಿ ಸೋತಿದ್ದೆ. ಏಪ್ರಿಲ್‌ನ ಒಂದು ಮಧ್ಯಾಹ್ನ 2 ಗಂಟೆಗೆ ಮೂವರು ಅಣ್ಣತಮ್ಮಂದಿರನ್ನೂ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಕರೆದುಕೊಂಡು ಹೋದೆ. 1367ರದು. ಬಯಲು ಅಂಗಳವೇ ಇಲ್ಲ, ಪೂರ್ತಿ ಮುಚ್ಚಿದ ಸೂರು, ಬೆಳಕು ಬರುವುದು ಬದಿಯ ಕಮಾನುಗಳಿಂದ. ಹೊರಗೆ ಡಾಂಬರು ಮೆತ್ತಗಾಗಿತ್ತು. ಒಳಗೆ ಕಂಬದ ಬುಡದಲ್ಲಿ ಕೂತು ಮೂವರೂ ಅರ್ಧ ಗಂಟೆ ಏಳಲಿಲ್ಲ. ಗಾಜಿನ ಬದಲು 8 ಅಡಿ ಆಳದ ಪಡಸಾಲೆ ಬಂತು. ಬಯಲಿಲ್ಲದ ಕಟ್ಟಡ ತೋರಿಸಿ ಅಂಗಳದ ಮನೆ ಕಟ್ಟಿದ್ದಕ್ಕೆ ಕಿರಿಯ ತಮ್ಮ ಈಗಲೂ ಛೇಡಿಸುತ್ತಾರೆ. ನಾನು ತೋರಿಸಿದ್ದು ನೆರಳನ್ನು.

ಲಿಫ್ಟಿನ ಗುಂಡಿ ಎರೆಯಲ್ಲಿ ಆಳ ಹೋದಷ್ಟೂ ನೀರು ಜಿನುಗುತ್ತದೆ. ಆಳ ಬೇಡದ ಮನೆ ಲಿಫ್ಟ್ ಹಾಕಿಸಿದೆವು. ಆಯಿ ಅದನ್ನು ಇದುವರೆಗೆ ನಾಲ್ಕು ಸಲ ಹತ್ತಿರಬಹುದು. ಅವರ ಕೋಣೆ ಹಳೇ ಮನೆಯಲ್ಲೇ ಇದೆ, ನೆಲಮಟ್ಟದಲ್ಲಿ.

ಒಟ್ಟು ಖರ್ಚಿನಲ್ಲಿ ರೂಪಾಯಿಗೆ ಸುಮಾರು 22 ಪೈಸೆ ನೆಲದ ಕೆಳಗೆ ಹೋಯಿತು, ಕೆಡವಿದ್ದೂ ಸೇರಿ. ಹೋಮ್ ಥಿಯೇಟರ್ ಅದಕ್ಕೇ ಬಲಿಯಾಯಿತು.

2024ರ ಬಸವ ಜಯಂತಿಯ ದಿನ ಮನೆ ಹೊಕ್ಕರು. ಆಮೇಲೆ ಎರಡು ಮಳೆಗಾಲ ಕಳೆದಿವೆ. ಎರಡು ಮನೆಗಳ ನಡುವೆ ಅಂಗಳ ದಾಟುವ ಮುಚ್ಚಿದ ದಾರಿ ಒಂದಿದೆ. ಹಗುರ ಕಬ್ಬಿಣದ್ದು, ಹೊಸ ಮನೆಗೆ ಬಿಗಿದಿದೆ, ಹಳೇ ಮನೆಯ ಕಡೆ ಸುಮ್ನೆ ಒರಗಿದೆ, ಜಾರಲು ಬಿಟ್ಟಿದ್ದೇವೆ. ಹೊಸ ಗೋಡೆಗಳ ಮೇಲೆ ಮತ್ತೆ 6 ಗಾಜಿನ ಪಟ್ಟಿ ಅಂಟಿಸಿದ್ದೆ, ಆರೂ ಇವೆ. ಕಾಂಪೌಂಡ್ ಗೋಡೆ ಮಾತ್ರ ಬೇವಿನ ಹತ್ತಿರ ಬಿರುಕು ಬಿಟ್ಟಿದೆ. ಅದಕ್ಕೆ ಪೈಲ್ ಹಾಕಿರಲಿಲ್ಲ, ಹಾಕುವುದೂ ಇಲ್ಲ.

ಹೋದ ಅಕ್ಟೋಬರಿನಲ್ಲಿ ಹಿರಿಯಣ್ಣ ಫೋನ್ ಮಾಡಿ, ಅಂಗಳದಲ್ಲಿ ನಾಲ್ಕು ಕಲ್ಲು ಒಂದು ಬೆರಳಷ್ಟು ಎದ್ದಿವೆ, ಮೊಮ್ಮಗು ಎಡವುತ್ತದೆ ಅಂದರು. ಚಾಚಾ ಒಬ್ಬರೇ ಹೋದರು. ಕಲ್ಲು ಎತ್ತಿ, ಉಸುಕು ಕೆರೆದು, ಮತ್ತೆ ಕೂರಿಸಿ, ಸಂದಿಗೆ ಸುಣ್ಣ ತುಂಬಿದರು. ಎರಡು ತಾಸಿನ ಕೆಲಸ. ಮಜೂರಿ ಕೇಳಿದರೆ ಬೇಡ ಅಂದರಂತೆ. ಆಯಿ ಬಿಡಲಿಲ್ಲ, ನಾಲ್ಕು ರೊಟ್ಟಿ, ಪುಂಡಿ ಪಲ್ಯ ಕಟ್ಟಿ ಕೊಟ್ಟು ಕಳಿಸಿದರು.